ಪಂಚಾಂಗದೊಳಗಿನ ಚಂದಮಾಮ

ಬಾರಾಮತಿಯ ನಮ್ಮ ಮನೆಯಲ್ಲಿ ಈಗ ಫಾಸ್ಟರ್ ಫೇಣೆಯದೇ ಹವಾ. ಭಾ. ರಾ. ಭಾಗವತರು ಮರಾಠಿಯಲ್ಲಿ ಸೃಷ್ಟಿಸಿದ ಫುರಸುಂಗಿಯ ಈ ಪೋರ ಸೈಕಲ್ಲೇರಿ ಖದೀಮರ ಬೆನ್ನು ಹತ್ತಿದರೆ, ಮಗಳಿಗೆ ಊಟದ ನೆನಪೂ ಇರುವುದಿಲ್ಲ.

ನಾನು ಬೆಳೆದದ್ದು ಮಲೆನಾಡಿನ ಒಂದು ಮಠದ ಅಂಗಳದಲ್ಲಿ. ಅಪ್ಪ ಅಲ್ಲಿ ಪರಿಚಾರಕರು. ಮಡಿ, ಪಾಠ, ಸಂಧ್ಯಾವಂದನೆ ಇಷ್ಟೇ ನಮ್ಮ ದಿನ. ಹೊಳೆಯಾಚೆಯ ಮಕ್ಕಳೊಂದಿಗೆ ಆಟವಿಲ್ಲ, ಕಥೆಪುಸ್ತಕವಂತೂ ಇಲ್ಲವೇ ಇಲ್ಲ. ಅಂಚೆಯಣ್ಣ ಕೊಡುತ್ತಿದ್ದ ಹಳೆಯ ‘ಚಂದಮಾಮ’ಗಳನ್ನು ಪಂಚಾಂಗದೊಳಗಿಟ್ಟು ಓದುತ್ತಿದ್ದೆ. 1949ರಿಂದ ಕನ್ನಡದಲ್ಲಿ ಬರುತ್ತಿದ್ದ ಪತ್ರಿಕೆ ಅದು. ಆ ಸಾಹಸ ಧಾರಾವಾಹಿಗಳನ್ನು ತೆಲುಗಿನಲ್ಲಿ ಬರೆದವರು ದಾಸರಿ ಸುಬ್ರಹ್ಮಣ್ಯಂ ಎಂದು ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಒಂದು ದಿನ ಸಿಕ್ಕಿಬಿದ್ದೆ. ಪುಸ್ತಕ ಬಚ್ಚಲೊಲೆ ಸೇರಿತು. ಅಪ್ಪ ಎಲ್ಲರೆದುರು ಗದರಿದರು. ರಾತ್ರಿ ಮಾತ್ರ ಪಕ್ಕದಲ್ಲಿ ಮಲಗಿ ಮೆಲ್ಲಗೆ ಕೇಳಿದರು, “ಆ ಹಡಗು ಕಡೆಗೂ ದಡ ಮುಟ್ಟಿತೇನೋ?” ಅವರೂ ಕದ್ದು ಓದುತ್ತಿದ್ದರು!

ಮಠ ನನಗೆ ಶಿಸ್ತು ಕೊಟ್ಟಿತು, ಸುಳ್ಳಲ್ಲ. ಹೊಳೆ ದಾಟುವ ಆಸೆ ಹುಟ್ಟಿಸಿದ್ದು ಮಾತ್ರ ಆ ಸುಟ್ಟ ಪುಸ್ತಕ. ನಾನು ದಾಟಿದೆ, ಓದಿದೆ, ಐಟಿ ಕೆಲಸ ಹಿಡಿದೆ. ಅಪ್ಪ ಅಲ್ಲೇ ಉಳಿದರು.

ಕಳೆದ ತಿಂಗಳು ಅಪ್ಪ ಇಲ್ಲಿಗೆ ಬಂದಿದ್ದರು. ಮಗಳು ಫೇಣೆಯ ಕಥೆಯನ್ನು ತನ್ನ ಅರೆಬರೆ ಕನ್ನಡದಲ್ಲಿ ಹೇಳುತ್ತಿದ್ದಳು. ಸಂಧ್ಯಾವಂದನೆಯ ಹೊತ್ತು ಮೀರಿತ್ತು. ನೆನಪಿಸಲು ಹೋದೆ. ಅಪ್ಪ ಕೈಸನ್ನೆಯಲ್ಲೇ ನನ್ನನ್ನು ತಡೆದರು.

“ಆಮೇಲೇನಾಯ್ತೇ, ಪುಟ್ಟಿ?”