ಅವರದು ‘ತೀರ್ಮಾನ’, ನಮ್ಮದು ‘ತಪ್ಪಾಯ್ತ್ರಿ ಸರ್’



ಹೋಮ್‌ಸ್ಕೂಲಿಂಗ್ ಬಗ್ಗೆ ಬೆಂಗಳೂರು ಕಡೆಯ ಪಾಲಕರು ಮಾಡೋ ವಿಡಿಯೋಗಳು ಈಗ ನಮ್ಮ ಬಸವಕಲ್ಯಾಣ, ಹುಮನಾಬಾದಿನ ಮೊಬೈಲುಗಳಿಗೂ ಬರ್ತಾ ಇವೆ. ‘ಮಗಳನ್ನು ಶಾಲೆಗೆ ಕಳಿಸೋದು ಬೇಡ ಅಂತ ನಾವು ತೀರ್ಮಾನ ಮಾಡಿದ್ವಿ’, ‘ಅವಳು ಅವಳ ವೇಗದಲ್ಲಿ ಕಲೀತಾಳೆ’, ‘ಶಾಲೆಯಲ್ಲಿ ಸಹವಾಸ ಸರಿ ಇರಲ್ಲ’. ಇವರಲ್ಲಿ ಕೆಲವರು ನಮ್ಮ ಧರಣಿಗಳಿಗೆ ಬಂದು ಕೂತವರೇ. ಆ ಮಕ್ಕಳು ಚೆನ್ನಾಗಿ ಕಲೀತಿರಬಹುದು, ಕಲೀಲಿ. ನನ್ನ ತಕರಾರು ಆ ಮಾತಿನ ಮೇಲೆ.

ಯಾಕಂದ್ರೆ ನಮ್ಮ ಕೇರಿಯಲ್ಲೂ ಮಕ್ಕಳು ಮನೆಯಲ್ಲಿವೆ. ಅಪ್ಪ ಅವ್ವ ಕಬ್ಬು ಕಡಿಯೋಕೆ ಹೋಗಿರ್ತಾರೆ, ಇಲ್ಲಾ ಪುಣೆ, ಹೈದರಾಬಾದಿನಲ್ಲಿ ಕಟ್ಟಡದ ಕೆಲಸದಲ್ಲಿರ್ತಾರೆ. ಮಗು ಸಾಲಿಗೆ ಹೋಗದಿದ್ದರೆ ಮಾಸ್ತರು, ಸಿಆರ್‌ಪಿ ಬಾಗಿಲಿಗೆ ಬರ್ತಾರೆ. ಬರಲೇಬೇಕು, ಅದು ಅವರ ಕೆಲಸ. ಆದರೆ ಅವರ ಮುಂದೆ ನಿಂತ ತಾಯಿ ಏನಂತಾಳೆ? ‘ತಪ್ಪಾಯ್ತ್ರಿ ಸರ್, ಸೋಮವಾರದಿಂದ ಕಳಸ್ತೀನಿ. ಸಣ್ಣದಕ್ಕ ಹಿಡಕೊಂಡು ಕೂಡೋರು ಯಾರೂ ಇಲ್ರಿ.’ ‘ತೀರ್ಮಾನ ಮಾಡಿದ್ವಿ’ ಅನ್ನೋ ಮಾತು ಆಕೆಯ ಬಾಯಲ್ಲಿ ಬರೋದೇ ಇಲ್ಲ. ಬೆಳಿಗ್ಗೆ 11 ಗಂಟೆಗೆ ಎರಡು ಮಕ್ಕಳು ಮನೆಯಲ್ಲಿದ್ದರೆ ಒಂದು ಹೋಮ್‌ಸ್ಕೂಲರ್, ಇನ್ನೊಂದು ‘ಶಾಲೆಯಿಂದ ಹೊರಗುಳಿದ ಮಗು’.

ಕಾನೂನು ಇಬ್ಬರಿಗೂ ಒಂದೇ. 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ ಮಗುವನ್ನು ಶಾಲೆಗೆ ಸೇರಿಸೋದು ತಂದೆತಾಯಿಯ ಕರ್ತವ್ಯ. ಅಪಾರ್ಟ್‌ಮೆಂಟಿನ ಗೇಟು ದಾಟಿ, ಲಿಫ್ಟ್ ಹತ್ತಿ ಈ ಸೆಕ್ಷನ್ ಕೇಳೋಕೆ ಹೋದ ಸಿಆರ್‌ಪಿಯನ್ನು ನಾನಂತೂ ಕಂಡಿಲ್ಲ.

ಇನ್ನು ಆಯ್ಕೆ. ಖಾಸಗಿ ಶಾಲೆಗಳ 25% ಸೀಟು ನಮ್ಮಂಥವರ ಮಕ್ಕಳಿಗೆ ಅಂತ ಅದೇ ಕಾಯ್ದೆ ಹೇಳಿತ್ತು. ಹತ್ತಿರದಲ್ಲಿ ಸರ್ಕಾರಿ ಇಲ್ಲವೇ ಅನುದಾನಿತ ಶಾಲೆ ಇದ್ದರೆ ಆ ಸೀಟು ಇಲ್ಲ ಅಂತ ಕರ್ನಾಟಕ ಸರ್ಕಾರ ನಿಯಮ ಬದಲಿಸಿತು. 2019ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಸರ್ಕಾರಿ ಶಾಲೆ ಉಳೀಬೇಕು ಅನ್ನೋನೇ ನಾನು. ಆದರೆ ಅದನ್ನು ಉಳಿಸೋ ಭಾರ ಫೀಸು ಕಟ್ಟೋಕೆ ಆಗದವರ ಮಕ್ಕಳ ತಲೆ ಮೇಲೆ ಮಾತ್ರ ಯಾಕೆ?

ನನಗೆ ಹೆಚ್ಚು ಸಂಕಟ ಕೊಡೋದು ಇನ್ನೊಂದು ಮಾತು. ನಮ್ಮ ಜನ ಮಗನನ್ನು ಶಾಲೆ ಬಿಡಿಸಿದ್ದಕ್ಕೆ ಕೊಡೋ ಕಾರಣ ಎಲ್ಲಾ ಕಡೆ ಒಂದೇ: ‘ಅವನಿಗಿ ಓದು ತಲಿಗಿ ಹತ್ತಲ್ದು.’ ಹುಮನಾಬಾದ್ ಕಡೆಯ ಒಬ್ಬ ತಂದೆ ಎರಡು ತಿಂಗಳು ನನಗೆ ಇದನ್ನೇ ಹೇಳಿದ. ಹುಡುಗ ಏಳನೇ ಕ್ಲಾಸು, ಲೆಕ್ಕದಲ್ಲಿ ಚುರುಕು. ಕೂತು ಮಾತಾಡಿದಾಗ ಗೊತ್ತಾಯ್ತು: ಸ್ಕಾಲರ್‌ಶಿಪ್ ಅರ್ಜಿಗೆ ‘ಎಸ್ಸಿ ಹುಡುಗರೆಲ್ಲ ಎದ್ದು ನಿಲ್ರಿ’ ಅಂದಿದ್ದಾರೆ, ಹಿಂದಿನ ಬೆಂಚಿನವರು ನಕ್ಕಿದ್ದಾರೆ. ಆಮೇಲೆ ಪಾಯಖಾನೆ ತೊಳೆಯೋಕೆ ನೀರು ತರೋರೂ ಎದ್ದು ನಿಂತ ಹುಡುಗರೇ. ಅಪ್ಪನಿಗೆ ಇದೆಲ್ಲ ಗೊತ್ತು. ಮಗನಿಗಾದ ಅವಮಾನ ಊರ ಮುಂದೆ ಹೇಳೋದಕ್ಕಿಂತ ಮಗ ದಡ್ಡ ಅನ್ನೋದೇ ಅವನಿಗೆ ಸುಲಭ ಅನಿಸಿತು.

ಬಾಬಾಸಾಹೇಬರು ಸಾತಾರಾದ ಶಾಲೆಗೆ ಗೋಣಿತಟ್ಟು ಹೊತ್ತುಕೊಂಡು ಹೋಗಿದ್ದು, ಜವಾನ ನಲ್ಲಿ ತಿರುಗಿಸದಿದ್ದರೆ ಬಾಯಾರಿ ಕೂತಿದ್ದು ನಾವು ಎಷ್ಟು ಭಾಷಣದಲ್ಲಿ ಹೇಳೀವಿ! ಆದರೆ ನಮ್ಮದೇ ಕೇರಿಯ ಹುಡುಗ ಯಾಕೆ ಬಿಟ್ಟ ಅಂತ ಎರಡನೇ ಸಲ ಕೇಳೋರು ಕಡಿಮೆ.

ಹಾಗಂತ ‘ಇಂಥ ಶಾಲೆ ಬೇಡ, ಮನೆಯಲ್ಲೇ ಕಲೀಲಿ’ ಅನ್ನೋಕೂ ನನಗೆ ಆಗಲ್ಲ. ಆ ಸಲಹೆ ನಮಗೆ ಮೊದಲೇ ಒಮ್ಮೆ ಸಿಕ್ಕಿದೆ. 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿ ಹಳ್ಳಿ ಮಕ್ಕಳಿಗೆ ಒಂದು ಯೋಜನೆ ತಂದರು: ದಿನಕ್ಕೆ ಮೂರು ಗಂಟೆ ಶಾಲೆ, ಉಳಿದ ಹೊತ್ತು ಮನೆಯಲ್ಲಿ ಅಪ್ಪನ ಕಸುಬು. ಆಗ ದಕ್ಷಿಣ ಕನ್ನಡ, ಕಾಸರಗೋಡು ಮದರಾಸಿನಲ್ಲೇ ಇದ್ದವು. ಪೆರಿಯಾರ್ ಅದಕ್ಕೆ ‘ಕುಲ ಶಿಕ್ಷಣ’ ಅಂತಲೇ ಹೆಸರಿಟ್ಟು ಬೀದಿಗಿಳಿದರು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜ್ ಬಂದು ಯೋಜನೆ ರದ್ದು ಮಾಡಿದರು. ವಕೀಲನ ಮನೆಯಲ್ಲಿ ಅಪ್ಪನ ಕಸುಬು ಅಂದರೆ ಪುಸ್ತಕದ ಕಪಾಟು. ನಮ್ಮ ಮನೆಯಲ್ಲಿ ಚರ್ಮ, ಹಲಗಿ, ಕಸಬರಿಗೆ.

2020ರಲ್ಲಿ ಕೊರೊನಾ ಬಂದಾಗ ಇಡೀ ರಾಜ್ಯಕ್ಕೆ ಮನೆಯೇ ಶಾಲೆಯಾಯ್ತಲ್ಲ, ಆಗಲೂ ನೋಡಿದ್ವಿ. ವಿದ್ಯಾಗಮ ಅಂತ ಶುರು ಮಾಡಿ ಗುಡಿ ಕಟ್ಟೆ, ಸಮುದಾಯ ಭವನ, ಮರದ ನೆರಳಲ್ಲಿ ಪಾಠ ಮಾಡಿದರು, ಅಕ್ಟೋಬರಿನಲ್ಲಿ ನಿಲ್ಲಿಸಿದರು. ಮೇಷ್ಟ್ರುಗಳು ಜೀವ ಪಣಕ್ಕಿಟ್ಟು ದುಡಿದರು, ಅದನ್ನು ಮರೆಯಲ್ಲ. ಆದರೆ ‘ಗುಡಿ ಕಟ್ಟಿ’ ಅಂದ ಕೂಡಲೇ ನಮ್ಮ ತಾಯಂದಿರು ಕೇಳಿದ್ದು ಮೊಬೈಲ್ ಡೇಟಾ ಬಗ್ಗೆ ಅಲ್ಲ, ‘ನಮ್ಮ ಪೋರಗೋಳಿಗಿ ಅಲ್ಲಿ ಕೂಡಸ್ತಾರೇನ್ರಿ?’ ಅಂತ.

ಅದಕ್ಕೇ ‘ಸಹವಾಸ ಸರಿ ಇರಲ್ಲ’ ಅನ್ನೋ ಮಾತಿಗೆ ನನ್ನ ಕಿವಿ ನೆಟ್ಟಗಾಗೋದು. ಯಾರ ಸಹವಾಸ? ಹರಳಯ್ಯನ ಮಗ, ಮಧುವರಸನ ಮಗಳು ಮದುವೆಯಾದದ್ದಕ್ಕೆ ಅಪ್ಪಂದಿರನ್ನು ಎಳೆಹೂಟೆ ಕಟ್ಟಿಸಿ ಕೊಂದ ಕತೆ ಹೊತ್ತ ಊರು ಕಲ್ಯಾಣ. ನಿಮ್ಮ ಮಗು ನಮ್ಮ ಮಗುವಿನ ಪಕ್ಕ ಒಂದೇ ಸಾಲಿನಲ್ಲಿ ಕೂತು ಊಟ ಮಾಡೋ ಜಾಗ ಈ ಊರುಗಳಲ್ಲಿ ಸರ್ಕಾರಿ ಸಾಲಿ ಬಿಟ್ಟರೆ ಇನ್ನೆಲ್ಲಿದೆ, ನೀವೇ ಹೇಳ್ರಿ.

ಬಸವಕಲ್ಯಾಣ, ಹುಮನಾಬಾದ್ ಎರಡೂ ತಾಲೂಕಿನ ಸಂಗಾತಿಗಳಿಗೆ ಒಂದು ಕೆಲಸ. ಶಾಲೆ ಬಿಟ್ಟ ಮಕ್ಕಳ ಪಟ್ಟಿ ಮಾಡೋಕೆ ಬಂದಾಗ ಜೊತೆಗೆ ಹೋಗ್ರಿ. ಕಾರಣ ಬರೆಯೋ ಜಾಗದಲ್ಲಿ ‘ಪಾಲಕರ ನಿರಾಸಕ್ತಿ’ ಅಂತ ಬರೆದರೆ ಹೆಬ್ಬೆಟ್ಟು ಒತ್ತೋಕೆ ಬಿಡಬೇಡ್ರಿ. ತಾಯಿ ಹೇಳಿದ್ದನ್ನು ಆಕೆಯ ಮಾತಲ್ಲೇ ಬರೆಸ್ರಿ. ಕಬ್ಬಿನ ಹಂಗಾಮು ಶುರು ಆಗೋ ಮೊದಲು ವಲಸೆ ಹೋಗೋರ ಮಕ್ಕಳಿಗೆ ಹಾಸ್ಟೆಲ್ ಬೇಕು ಅಂತ ಬಿಇಒ ಆಫೀಸಿಗೆ ಅರ್ಜಿ ಕೊಡೋಣ. ಅರ್ಜಿ ನಾನು ಬರೀತೀನಿ, ಹೆಸರುಗಳನ್ನು ನೀವು ಕೂಡಿಸಿ ಕೊಡ್ರಿ.

ಜೈ ಭೀಮ್.