ಕಿವಿಗೊಡಿ, ನಿಮ್ಮ ಕಿವಿಗೂ!

‘ಎಷ್ಟು ಕರೆದರೂ ಓ ಅನ್ನಲ್ಲ, ಅದೇನು ಜಂಬಾನೋ ಅವಳಿಗೆ!’ ಮದುವೆ ಮನೆಯಲ್ಲಿ ನನ್ನ ಬಗ್ಗೆ ಹೀಗಂದವರಿದ್ದಾರೆ. ಜಂಬ ಅಲ್ಲ ಕಣ್ರೀ, ನನ್ನ ಎಡಗಿವಿ ಕೇಳಲ್ಲ. ಕೆಲವು ವರ್ಷದ ಹಿಂದೆ ಒಂದು ಬೆಳಿಗ್ಗೆ ಎದ್ದಾಗ ಆ ಕಿವಿ ಮುಚ್ಚಿಹೋದಂತಿತ್ತು. ಗುಗ್ಗೆ ಇರಬೇಕು ಅಂತ ತಿಂಗಳುಗಟ್ಟಲೆ ಬೆಳ್ಳುಳ್ಳಿ ಎಣ್ಣೆ ಬಿಟ್ಟುಕೊಂಡೆ. ವೈದ್ಯರ ಹತ್ತಿರ ಹೋಗುವಷ್ಟರಲ್ಲಿ ಹೊತ್ತು ಮೀರಿತ್ತು. ನೀವು ಮಾತ್ರ ಈ ತಪ್ಪು ಮಾಡಬೇಡಿ. ಕಿವಿ ಇದ್ದಕ್ಕಿದ್ದಂತೆ ಮಂದವಾದರೆ ಅವತ್ತೇ ಇಎನ್‌ಟಿ ವೈದ್ಯರಿಗೆ ತೋರಿಸಿ. ಸ್ಟೆರಾಯ್ಡ್ ಚಿಕಿತ್ಸೆ ಬೇಗ ಶುರುವಾದಷ್ಟೂ ಒಳ್ಳೆಯದು.

ಹೋದ ಕಿವಿಗೆ ಈಗ ಏನು ದಾರಿ? ಎರಡೂ ಕಿವಿ ಮುಚ್ಚಿಕೊಂಡು ಹಪ್ಪಳ ಕಡಿದು ನೋಡಿ, ಕರಕರ ಸದ್ದು ಜೋರಾಗೇ ಕೇಳುತ್ತೆ. ಅದು ಮೂಳೆಯ ಮೂಲಕ ಬಂದ ಸದ್ದು. ಮೂಳೆಗೆ ಜೋಡಿಸುವ ಸಾಧನಗಳ ಗುಟ್ಟೂ ಇದೇ. ಕೇಳದ ಕಿವಿಯ ಹಿಂದಿನ ಮೂಳೆಯನ್ನು ಅದುರಿಸಿ, ಸದ್ದನ್ನು ಆಚೆ ಕಡೆಯ ಒಳ್ಳೆ ಕಿವಿಗೆ ಮುಟ್ಟಿಸುತ್ತವೆ.

ಮೊದಲನೇ ಬಗೆ ಬಾಹಾ, ಪಾಂಟೊ ಮುಂತಾದವು. ಮೂಳೆಗೆ ಟೈಟಾನಿಯಂ ತಿರುಪು ಕೂರಿಸಿ, ಚರ್ಮದಿಂದ ಹೊರಬಂದ ಪುಟ್ಟ ಗೂಟಕ್ಕೆ ಯಂತ್ರ ಸಿಕ್ಕಿಸುತ್ತಾರೆ. 1977ರಲ್ಲಿ ಸ್ವೀಡನ್ನಿನಲ್ಲಿ ಶುರುವಾದ ವಿಧಾನ ಇದು. ಒಂದೇ ಕಿವಿ ಕೇಳದವರಿಗೂ ಬಳಸಬಹುದೆಂದು ಅಮೆರಿಕ 2002ರಲ್ಲಿ ಒಪ್ಪಿತು. ಸದ್ದು ನೇರವಾಗಿ ಮೂಳೆಗೆ ಮುಟ್ಟುತ್ತೆ. ಆದರೆ ಗೂಟದ ಸುತ್ತ ದಿನಾ ಶುಚಿ ಮಾಡಬೇಕು. ಇಲ್ಲದಿದ್ದರೆ ಕೆಂಪಾಗಿ ಕೀವು ಕಟ್ಟಬಹುದು.

ಎರಡನೆಯದು ಬೋನ್‌ಬ್ರಿಡ್ಜ್, ಓಸಿಯಾ. ಅಮೆರಿಕದಲ್ಲಿ ಇವಕ್ಕೆ ಒಪ್ಪಿಗೆ ಸಿಕ್ಕಿದ್ದು 2018 ಮತ್ತು 2019ರಲ್ಲಿ. ಅದುರುವ ಭಾಗವೇ ಚರ್ಮದೊಳಗೆ, ಹೊರಗಿನ ಯಂತ್ರ ಮ್ಯಾಗ್ನೆಟ್‌ನಿಂದ ಅಂಟಿಕೊಳ್ಳುತ್ತೆ. ಗೂಟದ ರಗಳೆ ಇಲ್ಲ, ಕೂದಲು ಮುಚ್ಚಿದರೆ ಯಾರಿಗೂ ಕಾಣಲ್ಲ. ಆದರೆ ತಲೆಯ ಎಂಆರ್‌ಐ ಮಾಡಿಸಿದರೆ ಮ್ಯಾಗ್ನೆಟ್ ಸುತ್ತಮುತ್ತ ಚಿತ್ರ ಮಸುಕಾಗುತ್ತೆ. ಕಿವಿ ನರದ ಗಡ್ಡೆ ತೆಗೆಸಿಕೊಂಡು ಮತ್ತೆ ಮತ್ತೆ ಎಂಆರ್‌ಐ ಮಾಡಿಸಬೇಕಾದವರು ಇದನ್ನು ಮೊದಲೇ ಕೇಳಿಕೊಳ್ಳಬೇಕು.

ಹಾಗಾದರೆ ಯಾವುದು ಒಳ್ಳೆಯದು? ನನ್ನನ್ನು ಕೇಳಿದರೆ, ಈ ಪ್ರಶ್ನೆಯೇ ಆಮೇಲಿನದು. ಮೊದಲು ಆಪರೇಷನ್ ಇಲ್ಲದೆ ಪರೀಕ್ಷೆ ಮಾಡಿ. ಇದೇ ಯಂತ್ರವನ್ನು ತಲೆಗೆ ಬೆಲ್ಟಿನಂತೆ ಕಟ್ಟಿಕೊಂಡು ನೋಡಬಹುದು. ಕಿವಿ ಹಿಂದೆ ಅಂಟಿಸುವ ಆಡ್‌ಹಿಯರ್ ಕೂಡ ಇದೆ. ಕ್ರಾಸ್ ಎಂಬ ಶ್ರವಣ ಸಾಧನವಂತೂ ಈಚೆ ಕಿವಿಯ ಸದ್ದನ್ನು ವೈರಿಲ್ಲದೆ ಆಚೆ ಕಿವಿಗೆ ಕಳಿಸುತ್ತೆ. ಆಡಿಯಾಲಜಿಸ್ಟ್ ಕೋಣೆಯ ನಿಶ್ಶಬ್ದದಲ್ಲಿ ಐದು ನಿಮಿಷ ಹಾಕಿಕೊಂಡು ಹೂಂ ಅನ್ನಬೇಡಿ. ಮನೆಗೆ ತಂದು ಅಡುಗೆಮನೆಯಲ್ಲಿ, ಮಾರ್ಕೆಟ್ಟಿನಲ್ಲಿ, ಮದುವೆ ಛತ್ರದಲ್ಲಿ ಹಾಕಿಕೊಂಡು ನೋಡಿ.

ನಾನು ಎರಡು ವಾರ ಬೆಲ್ಟ್ ಕಟ್ಟಿಕೊಂಡೆ. ಎಡಗಡೆ ಕೂತ ಅತ್ತೆಯ ಮಾತು ಕೇಳಿಸಿದಾಗ ಕಣ್ಣಲ್ಲಿ ನೀರೇ ಬಂತು. ಆದರೆ ಎಡಗಡೆ ಮಿಕ್ಸಿ ತಿರುಗಿದರೆ ಬಲಗಡೆ ನಿಂತ ಮಗಳ ಮಾತೂ ಮುಳುಗಿಹೋಗುತ್ತಿತ್ತು. ಹಾರ್ನ್ ಯಾವ ಕಡೆಯದು ಅನ್ನೋದು ಈಗಲೂ ಗೊತ್ತಾಗಲ್ಲ. ಯಾಕಂದ್ರೆ ಈ ಸಾಧನಗಳು ಸತ್ತ ಕಿವಿಯನ್ನು ಬದುಕಿಸುವುದಿಲ್ಲ, ಕೇಳುವ ಕಿವಿ ಒಂದೇ. ಇದು ಗೊತ್ತಿದ್ದು ಹಾಕಿಸಿಕೊಂಡರೆ ಆಮೇಲೆ ಬೇಸರವಿಲ್ಲ.

ಬ್ಯಾಟರಿ ಖರ್ಚೆಷ್ಟು, ಕೆಟ್ಟರೆ ನಿಮ್ಮ ಊರಲ್ಲೇ ರಿಪೇರಿ ಆಗುತ್ತಾ, ಅದನ್ನೂ ಕೇಳಿ. 1965ರಿಂದ ಇರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಕಿವಿ ಪರೀಕ್ಷೆ ಮಾಡಿಸಿ.

‘ಇನ್ನೊಂದು ಕಿವಿ ಇದೆಯಲ್ಲ, ಸಾಕು ಬಿಡು’ ಅನ್ನುವವರು ಇದ್ದೇ ಇರ್ತಾರೆ. ಮನೆಯವರ ಕನ್ನಡಕ ಒಡೆದರೆ ಅದೇ ಸಂಜೆ ಅಂಗಡಿಗೆ ಓಡುವ ನಾವು, ನಮ್ಮ ಕಿವಿಯನ್ನು ಮಾತ್ರ ಮುಂದೂಡುತ್ತೇವೆ. ಹಾಗೆ ಮಾಡಬೇಡಿ. ಅಲ್ಲಿಯವರೆಗೆ ನನ್ನದೊಂದು ಉಪಾಯ: ಎಡಗಿವಿ ಕೇಳದಿದ್ದರೆ ಊಟದ ಸಾಲಿನಲ್ಲಿ ಎಡತುದಿಯ ಜಾಗ ಹಿಡಿಯಿರಿ. ಯಾಕೆ ಅಂತ ಯಾರಾದರೂ ಕೇಳಿದರೆ, ನಾಚಿಕೆಯಿಲ್ಲದೆ ಹೇಳಿ.