ಚಂಡು ಪುಟಸ್ಲಿಕ್ಕೆ ಹದಿನೈದು ದಿವಸ

ಹ್ವಾದ ವಾರ ಅರಿಷಿಣ-ಕುಂಕುಮಕ್ಕ ಹೋದಾಗ ಬಾಜೂಮನಿ ವೈನಿ ನನ್ನ ಕೈ ಹಿಡದು ಒಂದು ಮೂಲಿಗೆ ಕರಕೊಂಡು ಹೋದ್ರು. ಅವರ ಮಗಂದು ಈ ಸಲ ಪಿಯುಸಿ ಮುಗೀತದ. ಅಂವಗೂ ನಮ್ಮ ಮಗಳಂಗ ಅನಿಮೇಶನ್ ಕಲೀಬೇಕಂತ ಹಟಾ. "ನಿಮ್ಮಾಕಿಗೆ ಯಾವ ಲ್ಯಾಪ್‌ಟಾಪ್ ಕೊಡ್ಸೀರಿ? ಎಷ್ಟು ಬಿತ್ತು? ಅದೇನೋ ಪೆನ್ನಿನ ಜೋಡಿ ಬರಿಯೋ ಪಾಟಿ ಬ್ಯಾರೆ ತಗೋಬೇಕಂತಲ್ಲಾ?" ಅಂತ ಒಂದರ ಹಿಂದ ಒಂದು ಕೇಳಿದ್ರು. ಉಡಿ ತುಂಬಿಸ್ಕೊಂಡ ಅಕ್ಕಿ-ಕೊಬ್ಬರಿ ಸೆರಗಿನ್ಯಾಗ ಹಿಡ್ಕೊಂಡು ನಿಂತು ಅಷ್ಟೆಲ್ಲಾ ಹೇಳ್ಲಿಕ್ಕೆ ಆಗ್ಲಿಲ್ಲಾ. "ಆಮ್ಯಾಲೆ ಹೇಳ್ತೇನ್ರಿ ವೈನಿ" ಅಂದು ಬಂದೆ. ಅದನ್ನಽ ಈಗ ಬರೀಲಿಕತ್ತೇನಿ, ನೀವೆಲ್ಲಾರೂ ಓದ್ರಿ, ಯಾಕಂದ್ರ ಮನಿಗೊಂದು ಚಿತ್ರಾ ಬರಿಯೋ ಕೂಸು ಇದ್ದಽ ಇರ್ತದ.

ನನ್ನ ಅಭಿಪ್ರಾಯ ಮದ್ಲಽ ಹೇಳಿಬಿಡ್ತೇನಿ. ಲ್ಯಾಪ್‌ಟಾಪ್ ಆಮ್ಯಾಲೆ. ಮದ್ಲ ಹುಡುಗನ್ನ ಖೋಲಿಯೊಳಗಿಂದ ಹೊರಗ ತಗೀರಿ.

ಇದನ್ನ ಹೇಳೋ ಅಧಿಕಾರ ನಂಗೇನದ ಅಂದ್ರ, ಮಾಡಬಾರದ್ದನ್ನೆಲ್ಲಾ ನಾ ಮಾಡಿ ಮುಗಿಸೀನಿ. ನಮ್ಮಾಕಿ ಒಂಬತ್ತನೇತ್ತಾದಾಗ ಇದ್ದಾಗ ಗಣಿತದ ನೋಟಬುಕ್ಕಿನ ಮೂಲ್ಯಾಗ ಒಂದೊಂದು ಹಾಳಿಗೆ ಒಂದೊಂದು ಬೆರಳಿನಷ್ಟು ಮನಷ್ಯಾನ ಚಿತ್ರಾ ಬರದಿದ್ಲು. ಹಾಳಿ ಭರ್ರನ ತಿರುವಿದ್ರ ಅಂವ ಓಡಿ ಬಂದು ಬಾವಿ ಜಿಗಿತಿದ್ದ. ನಾ ನೋಡಿದ್ದು ಜಿಗಿಯೋದನ್ನಲ್ಲಾ, ಗಣಿತದ ಬುಕ್ಕಿನ್ಯಾಗ ಬರದಿದ್ದನ್ನ. ಬೆನ್ನಿಗೆ ಎರಡು ಹಾಕಿದೆ. ಹತ್ತನೇತ್ತಾ ಪರೀಕ್ಷಾ ಮುಗದ ಮರುದಿನ ಆ ಬುಕ್ಕು, ಅಕಿ ಚಿತ್ರದ ವಹಿ, ಎಲ್ಲಾ ತೂಕಾ ಮಾಡಿ ರದ್ದಿಗೆ ಹಾಕಿದೆ. ಮನಿ ಸ್ವಚ್ಛ ಆತು ಅಂತ ಸಮಾಧಾನಾನೂ ಆಗಿತ್ತು.

ಮುಂದ ಎರಡು ವರ್ಷಕ್ಕ ಬೆಂಗಳೂರಾಗ ಒಂದು ಕಡೆ ಸೀಟಿಗೆ ಮುಲಾಖತ್ತು ಇತ್ತು. ನಾವಿಬ್ರೂ ಹೊರಗ ಬಾಕಿನ ಮ್ಯಾಲೆ ಕೂತಿದ್ವಿ. ಒಳಗ ಅವರು ಮಾರ್ಕ್ಸ್ ಕಾರ್ಡು ಹೆಚ್ಚಿಗಿ ನೋಡ್ಲೇ ಇಲ್ಲಂತ. "ಸಣ್ಣಾಕಿ ಇದ್ದಾಗಿನಿಂದ ಬರದಿದ್ದು ಏನರ ಇದ್ರ ತೋರಸು" ಅಂದ್ರಂತ. ಇಕಿ "ಇಲ್ಲಾ ಸರ್, ರದ್ದಿಗೆ ಹೋದುವು" ಅಂದ್ಲಂತ. ಯಾರು ಹಾಕಿದ್ರು ಅಂತ ಹೇಳ್ಲಿಲ್ಲಾ. ಅಲ್ಲೆ ಸೀಟು ಸಿಗಲಿಲ್ಲಾ, ಬ್ಯಾರೆ ಕಡೆ ಸಿಕ್ತು. ಈ ಮಾತು ನಂಗ ಗೊತ್ತಾಗಿದ್ದೂ ಒಂದು ವರ್ಷ ಆದ ಮ್ಯಾಲೆ, ಅದೂ ಅಕಿ ತನ್ನ ಗೆಳತಿ ಮುಂದ ನಕ್ಕೋತ ಹೇಳ್ಲಿಕತ್ತಾಗ ನಾ ಬಾಗಲಾ ಹಿಂದ ಕೇಳಿಸ್ಕೊಂಡಿದ್ದು. ಆ ದಿವಸ ಭಕ್ರಿ ಎರಡು ಹೊತ್ತಿದ್ವು.

ಇರ್ಲಿ. ಕಾಲೇಜು ಸುರು ಆಗಿ ತಿಂಗಳಾತೋ ಇಲ್ಲೋ ಫೋನ್ ಮಾಡಿ ಅಳ್ಲಿಕ್ಕೆ ಸುರು ಮಾಡಿದ್ಲು. ಏನಾತವ್ವಾ ಅಂದ್ರ, ಹದಿನೈದು ದಿವಸದಿಂದ ಒಂದು ಚಂಡು ಪುಟಸ್ಲಿಕತ್ತೇನಿ, ಇನ್ನೂ ಬರವಲ್ದು ಅಂದ್ಲು. ನಮ್ಮ ಮನಿಯವರು ಅಲ್ಲೇ ಪೇಪರ್ ಇಟ್ಟು "ಚಂಡು ಪುಟಸ್ಲಿಕ್ಕೆ ಬ್ಯಾಂಕಿನ ಸಾಲಾನಽ?" ಅಂದ್ರು. ಬೈಬ್ಯಾಡ್ರಿ, ನಂಗೂ ಹಂಗಽ ಅನಿಸಿತ್ತು.

ಆಮ್ಯಾಲೆ ಅಕಿ ದೀಪಾವಳಿಗೆ ಬಂದಾಗ ಅಡಗಿಮನ್ಯಾಗ ಕೂತು ಬಿಡಿಸಿ ಹೇಳಿದ್ಲು. ಸಿನೆಮಾದಾಗ ಒಂದು ಸೆಕೆಂಡಿಗೆ 24 ಚಿತ್ರ ಹೋಗ್ತಾವಂತ. ಕೈಲೆ ಬರಿಯೋವ್ರು ಒಂದೊಂದು ಚಿತ್ರಾನ್ನ ಎರಡೆರಡು ಸಲ ತೋರಿಸಿ 12ರಾಗ ಮುಗಸ್ತಾರ. ಚಂಡು ಮ್ಯಾಲೆ ಹೋಗಿ ಒಂದು ಕ್ಷಣ ತಡೀತದಲ್ಲಾ, ಅಲ್ಲೆ ಚಿತ್ರ ಒತ್ತೊತ್ತಿಗೆ ಇರಬೇಕು. ಕೆಳಗ ಬೀಳೋ ಮುಂದ ಜೋರು ಬರ್ತದ, ಅಲ್ಲೆ ದೂರ ದೂರ. ನೆಲಕ್ಕ ಬಡದಾಗ ಚಪ್ಪಟಿ, ಎದ್ದಾಗ ಉದ್ದ. ಆದ್ರ ಚಪ್ಪಟಿ ಮಾಡೋವಾಗ ಚಂಡು ಸಣ್ಣದು ಆಗಬಾರದು, ಇಕಿ ಅಲ್ಲೇ ತಪ್ಪತಿದ್ಲು. ನಾ ಚಪಾತಿ ಲಟ್ಟಸ್ಲಿಕತ್ತಿದ್ದೆ. "ಅಲ್ಲಽ, ಕಣಕದ ಉಂಡಿ ಒತ್ತಿದ್ರ ಅಗಲ ಆಗ್ತದ, ಒಳಗಿನ ಕಣಕ ಎಲ್ಲೆರ ಹೋಗ್ತದೇನು?" ಅಂದೆ. ಅಕಿ ಒಂದು ಉಂಡಿ ಕಸಗೊಂಡು ಒತ್ತಿ, ಎತ್ತಿ, ಮತ್ತ ಒತ್ತಿ ನೋಡ್ಕೋತ ಕೂತ್ಲು. ಇಪ್ಪತ್ತು ವರ್ಷ ಆ ಮನ್ಯಾಗ ಚಪಾತಿ ತಿಂದಾಕಿ, ಕಣಕ ಕೈಯಾಗ ಹಿಡದಿದ್ದು ಅವತ್ತಽ. ಯಾಕ ಅಂದ್ರ ನಾ ಹಿಡೀಗೊಟ್ಟಿಲ್ಲಾ. "ನೀ ಓದ್ಕೋ ಹೋಗು" ಅಂತ ತಾಟು ಸುದ್ದಾ ಟೇಬಲ್ಲಿಗೆ ಒಯ್ದು ಕೊಟ್ಟೀನಿ.

ಇಲ್ಲೇ ನಂಗ ವಿಷಯ ತಿಳೀತು ಅನ್ರಿ. ಅಕಿಗೆ ಕಂಪ್ಯೂಟರಿನ್ಯಾಗ ಎಲ್ಲಾ ಬರ್ತಿತ್ತು. ಚಂಡು ಗೊತ್ತಿದ್ದಿಲ್ಲಾ. ಭಾರಾ ಗೊತ್ತಿದ್ದಿಲ್ಲಾ. ಕೈಯಿಂದ ನಿಂಬಿಹಣ್ಣು ಬಿದ್ರ ಬ್ಯಾರೆ ಸಪ್ಪಳ, ತೆಂಗಿನಕಾಯಿ ಬಿದ್ರ ಬ್ಯಾರೆ, ನಾವು ತಿರುಗಿ ನೋಡದಽ ಹೇಳ್ತೇವಿ. ಆ ತಿಳುವಳಿಕಿನ್ನಽ ಚಿತ್ರದಾಗ ತರಬೇಕಂತ, ಕಬ್ಬಣದ ಗುಂಡು ಯಾವುದು ರಬ್ಬರ್ ಚಂಡು ಯಾವುದು ಅಂತ ಬಣ್ಣಾ ಇಲ್ದನಽ ಗೊತ್ತಾಗಬೇಕಂತ. ಅದಾದ ಮ್ಯಾಲೆ ಅವರಿಗೆ ಹಿಟ್ಟಿನ ಚೀಲಾ ಬರೀಲಿಕ್ಕೆ ಹಚ್ತಾರ. ಮುಖಾ ಇಲ್ಲಾ, ಕೈಕಾಲಿಲ್ಲಾ, ಬರೇ ಅರ್ಧ ತುಂಬಿದ ಚೀಲಾ. ಅದು ಸಿಟ್ಟಿಗೆದ್ದದ, ಅಥವಾ ಮೋತಿ ಸಪ್ಪಗ ಮಾಡ್ಕೊಂಡದ ಅಂತ ನೋಡಿದವರಿಗೆ ತಿಳೀಬೇಕು. ಇಕಿ ಅದನ್ನೂ ಯಾವುದೋ ಪುಸ್ತಕಾ ನೋಡಿ ಬರೀಲಿಕತ್ತಿದ್ಲು. ಜ್ವಾಳದ ಹಿಟ್ಟಿನ ಚೀಲಾ ಎದುರಿಗೇ ಇತ್ತು, ಒಗದೆ ಅಕಿ ಮುಂದ.

"ಹೌದ್ರಿ, ಆದ್ರ ಈ ಕ್ರಿಯೇಟಿವಿಟಿ ಅನ್ನೋದು ಹುಟ್ಟಿನಿಂದಽ ಬರಬೇಕಲ್ಲಾ" ಅಂತ ನಮ್ಮ ಕಾಕು ಅಂತಾರ. ನಾ ಇದನ್ನ ಒಪ್ಪಂಗಿಲ್ಲಾ. ನಮ್ಮೊಳಗ ಎಷ್ಟು ಮಂದಿ ಕಸೂತಿ ಹಾಕ್ತೀರಿ, ನೀವಽ ಹೇಳ್ರಿ, ಹುಟ್ಟುವಾಗ ಸೂಜಿ ತಂದಿದ್ರೇನು? ನಮ್ಮವ್ವ ನಂಗ ಮದ್ಲ ಆರು ತಿಂಗಳು ಗವಂತಿ ಬಿಟ್ರ ಬ್ಯಾರೆ ಮುಟ್ಟಗೊಟ್ಟಿಲ್ಲಾ. ಮುರಗಿ, ನೇಗಿ, ಮೆಂತೆ ಎಲ್ಲಾ ಆಮ್ಯಾಲೆ. ಎಳಿ ಎಣಿಸಬೇಕು, ಗಂಟು ಕಾಣಬಾರದು, ಗವಂತಿ ಅಂದ್ರ ಹಿಂದೂ ಮುಂದೂ ಒಂದಽ ನಮೂನಿ ಇರಬೇಕು. ಮದ್ಲ ಒಂದು ಸಲ ಜಾಗಾ ಬಿಟ್ಟು ಬಿಟ್ಟು ಹಾಕ್ಕೋತ ಹೋಗ್ತೇವಿ, ತಿರುಗಿ ಬರೋವಾಗ ಬಿಟ್ಟ ಜಾಗಾ ತುಂಬಸ್ತೇವಿ. ಇದನ್ನ ಕೇಳಿ ಮಗಳು ಕಣ್ಣು ಅರಳಿಸಿದ್ಲು. ಅವರೂ ಹಂಗಽ ಮಾಡ್ತಾರಂತ. ಮುಖ್ಯ ಮುಖ್ಯ ಚಿತ್ರಾ ಮದ್ಲ ದೂರ ದೂರ ಬರಕೊಂಡು, ಆಮ್ಯಾಲೆ ನಡುವಿನವನ್ನ ತುಂಬಿಸ್ಕೋತ ಬರೋದು. ಇಲಕಲ್ ಸೀರಿ ಮ್ಯಾಲಿನ ತೇರು, ಗೋಪುರ, ಆನಿ ಎಲ್ಲಾ ಆ ಬ್ಯಾಸರದ ಗವಂತಿಯಿಂದಽ ಹುಟ್ಟಿದ್ದು. ಎಳಿ ಎಣಿಸಿ ಎಣಿಸಿ ಕೈಗೆ ರೂಢಿ ಆದ ಮ್ಯಾಲೆನಽ ಸ್ವಂತ ನಮೂನಿ ಹೊಳೀತದ. ಚಂಡು ಅವರ ಗವಂತಿ, ಇಷ್ಟಽ.

ಎರಡನೇ ವರ್ಷ ಒಂದು ಮುದುಕಿ ನಡಿಗಿ ಮಾಡ್ಲಿಕ್ಕೆ ಕೊಟ್ಟಿದ್ರು. ಇಕಿ ಮೊಬೈಲಿನ್ಯಾಗ ಯಾರೋ ವಿದೇಶದ ಅಜ್ಜಿ ನೋಡಿ ಮಾಡಿ ಒಯ್ದ್ಲು. ಮಾಸ್ತರು ನೋಡಿ "ಇದು ಮುದುಕಿ ಅಲ್ಲಾ, ಕೋಲು ಹಿಡದ ಹುಡುಗಿ" ಅಂದ್ರಂತ. ಮತ್ತ ಅತ್ಕೋತ ಮನಿಗೆ ಬಂದ್ಲು. ಮನ್ಯಾಗ ಎಂಬತ್ತೆರಡು ವರ್ಷದ ನಮ್ಮ ಅತ್ತಿಯವರು ಇದ್ದಾರ, ದಿನಾ ನಾಕು ಸಲ ಪಡಸಾಲಿಯಿಂದ ದೇವರಮನಿಗೆ ಹೋಗ್ತಾರ. ಅವರನ್ನ ನೋಡವಽ ಅಂದೆ. ಮೂರು ದಿವಸ ವಹಿ ಹಿಡ್ಕೊಂಡು ಹಿಂದಽ ಅಡ್ಡಾಡಿದ್ಲು.

ಏನು ಕಂಡ್ಲು ಗೊತ್ತದೇನು? ಅತ್ತಿಯವರು ಹೊಸ್ತಿಲಾ ದಾಟೋಕ್ಕಿಂತ ಮದ್ಲ ಚೌಕಟ್ಟಿಗೆ ಕೈ ಹಚ್ತಾರ. ಒಂದು ಉಸಿರು ತಗೋತಾರ. ಮೈ ಸ್ವಲ್ಪ ಹಿಂದ ಹೋಗ್ತದ, ಆಮ್ಯಾಲೆ ಬಲಗಾಲು ಏಳ್ತದ. ಎಡಗಾಲು ಅದನ್ನ ಹುಡಿಕ್ಕೋತ ಬರ್ತದ. ಮೈ ನಿಂತ ಮ್ಯಾಲೂ ಸೆರಗು ಇನ್ನೂ ಒಂದು ಗಳಿಗಿ ಅಲುಗಾಡ್ತದ. ಡಿಸ್ನಿ ಕಂಪನಿಯೊಳಗ ಕೆಲಸಾ ಮಾಡಿದ ಫ್ರ್ಯಾಂಕ್ ಥಾಮಸ್, ಆಲೀ ಜಾನ್‌ಸ್ಟನ್ ಅಂತ ಇಬ್ರು 1981ರಾಗ ಒಂದು ದಪ್ಪ ಪುಸ್ತಕಾ ಬರದಾರಂತ, ಅದರಾಗ ಅನಿಮೇಶನ್ನಿನ 12 ಸೂತ್ರ ಅವ. ಯಾವ ಕೆಲಸಕ್ಕೂ ಮದ್ಲ ಮೈ ತಯಾರಾಗೋದು ಒಂದು ಸೂತ್ರ, ಮೈ ನಿಂತ್ರೂ ಸೆರಗು-ಕೂದಲಾ ತಡಾ ಮಾಡಿ ನಿಲ್ಲೋದು ಇನ್ನೊಂದು. ಪರೀಕ್ಷಾದಾಗ ಬಾಯಿಪಾಠ ಮಾಡಿ ಮಾರ್ಕ್ಸ್ ತಗೊಂಡಿದ್ಲು, ಮನಿ ಹೊಸ್ತಿಲದಾಗ ಕಂಡಿದ್ದಿಲ್ಲಾ. ಅತ್ತಿಯವರು ಮಾತ್ರ "ನನ್ನ ನಡಗಿ ತಗೊಂಡು ಏನ್ಮಾಡ್ತೀಯವ್ವಾ, ಮೊಣಕಾಲಿನ ಬ್ಯಾನಿನೂ ತಗೊಂಡು ಹೋಗು" ಅಂದ್ರು.

ನೋಡಿ ಬರಿಯೋದು ಬರೇ ಬಡವರ ಉಪಾಯ ಅಂತ ತಿಳೀಬ್ಯಾಡ್ರಿ. 1942ರಾಗ ಬಂದ ಬ್ಯಾಂಬಿ ಸಿನೆಮಾಕ್ಕ ಡಿಸ್ನಿಯವರು ಖರೇ ಜಿಂಕಿಮರಿಗಳನ್ನ ತಂದು ಸ್ಟುಡಿಯೋದಾಗ ಸಾಕಿದ್ರು, ಕಲಾವಿದರು ನೋಡಿ ಬರೀಲಿ ಅಂತ. ಅಷ್ಟು ದುಡ್ಡಿದ್ದವರು! ಅದಽ ಡಿಸ್ನಿಯೊಳಗಿದ್ದ ಕ್ಲೇರ್ ವೀಕ್ಸ್ ಅನ್ನೋವ್ರು ಐವತ್ತರ ದಶಕದಾಗ ಮುಂಬೈಗೆ ಬಂದು ಫಿಲ್ಮ್ಸ್ ಡಿವಿಜನ್‌ದಾಗ ನಮ್ಮವರಿಗೆ ಕಲಿಸಿದ್ರು. ಅವರ ಕೈಯಾಗ ಕಲ್ತವರೊಳಗ ರಾಮ್ ಮೋಹನ್ ಅನ್ನೋವ್ರು ಮುಂದ ಭಾಳ ದೊಡ್ಡ ಹೆಸರಾದ್ರು. ಆ ಕಾಲಕ್ಕ ತಯಾರಾದ ಚಿತ್ರಾನೂ ಜಾತಕ ಕಥಿಯ ಜಿಂಕಿದಽ, 1957ರಾಗ ಬಂದದ್ದು. ನಮಗೆಲ್ಲಾ ನೆನಪಿರೋದು ದೂರದರ್ಶನದಾಗ ಬರ್ತಿದ್ದ ಏಕ್ ಅನೇಕ್ ಔರ್ ಏಕತಾ, 1974ರದ್ದು. ಹಕ್ಕಿಗಳು ಬಲಿ ಸುದ್ದಾ ಹಾರಿಹೋಗೋದು ಇವತ್ತಿಗೂ ಕಣ್ಣಿಗೆ ಕಟ್ಟೇದಲ್ಲಾ? ಅದನ್ನ ಮಾಡಿದವರ ಹತ್ರ ಲ್ಯಾಪ್‌ಟಾಪ್ ಎಲ್ಲಿತ್ರಿ.

ಈಗ ವೈನಿ ಪ್ರಶ್ನೆಕ್ಕ ಬರೂಣು. ಕಂಪ್ಯೂಟರ್ ಬ್ಯಾಡಂತ ನಾ ಹೇಳೂದಿಲ್ಲಾ, ಕೋರ್ಸ್ ಸುರು ಆದ ಮ್ಯಾಲೆ ಅದು ಬೇಕಽ ಬೇಕು, ಕಾಲೇಜಿನವರು ಯಾವುದು ಅಂತ ಹೇಳಿದ ಮ್ಯಾಲೆ ತಗೋರಿ. ಈಗ ಹುಡುಗಗ ಒಂದು ಕೆಲಸಾ ಕೊಡ್ರಿ. ಮನ್ಯಾಗ ಹಳೇ ಲಗ್ನಪತ್ರಿಕಾ ರಾಶಿ ಬಿದ್ದಿರ್ತಾವ. ಆ ರಟ್ಟು ಕತ್ತರಿಸಿ ತಲಿ, ಕೈ, ಕಾಲು ಬ್ಯಾರೆ ಬ್ಯಾರೆ ಮಾಡಿ ದಾರದಿಂದ ಪೋಣಿಸಿ ಒಂದು ಗೊಂಬಿ ಮಾಡ್ಲಿ, ನಮ್ಮ ತೊಗಲುಗೊಂಬಿಗೆ ಕೀಲು ಇರ್ತಾವಲ್ಲಾ ಹಂಗ. ಲೊಟ್ಟೆ ರೈನಿಗರ್ ಅಂತ ಜರ್ಮನಿ ಹೆಣ್ಣುಮಗಳು ಇಂಥಾ ಕತ್ತರಿಸಿದ ನೆರಳಗೊಂಬಿಯಿಂದನಽ 1926ರಾಗ ಪೂರಾ ಒಂದು ಸಿನೆಮಾ ಮಾಡ್ಯಾಳ. ಗೊಂಬಿನ್ನ ನೆಲದ ಮ್ಯಾಲೆ ಹಾಸಿ, ಎರಡು ಡಬ್ಬಿ ಮ್ಯಾಲೆ ಅಡ್ಡಹಲಗಿ ಇಟ್ಟು ಮೊಬೈಲ್ ಕೆಳಮುಖ ಮಾಡಿ, ಸ್ವಲ್ಪ ಸ್ವಲ್ಪ ಸರಿಸ್ಕೋತ ಒಂದೊಂದು ಫೋಟೋ. ಸೆಕೆಂಡಿಗೆ 12ರಂಗ ಹತ್ತು ಸೆಕೆಂಡಿಗೆ 120 ಫೋಟೋ. ನಡುವ ಯಾರರ ಗೊಂಬಿ ತುಳದ್ರ ಮತ್ತ ಮದ್ಲಿಂದ. ಈ 120 ಮುಗಿಸಿ ಅಂವ ಇನ್ನೊಂದು ಮಾಡ್ತೇನಿ ಅಂದ್ರ ಧೈರ್ಯದಿಂದ ಸೇರಿಸ್ರಿ. ಅರವತ್ತಕ್ಕಽ ಎದ್ದು ಹ್ವಾದ್ರ, ಫೀ ಕಟ್ಟೋ ಮದ್ಲ ಗೊತ್ತಾತು ಅಂತ ದೇವರಿಗೆ ತುಪ್ಪದ ದೀಪಾ ಹಚ್ಚರಿ. ಕಾರ್ಟೂನ್ ನೋಡೋದು ಸೇರೋದು ಬ್ಯಾರೆ, ಮಾಡೋದು ಸೇರೋದು ಬ್ಯಾರೆ.

ನಮ್ಮ ನಾದಿನಿ ಮಗಾ ಇಂಜಿನಿಯರ್. "ಮಾಮಿ, ಈಗ ಎಲ್ಲಾ ಎಐ ಮಾಡ್ತದ, ಟೈಪ್ ಮಾಡಿದ್ರ ಚಿತ್ರಾ ಬರ್ತದ, ಇಕಿ ಯಾಕ ಕಷ್ಟಾ ಪಡ್ತಾಳ" ಅಂತಾನ. ಅಂವನ ಮಾತು ಕೇಳಿ ನಾ ಎರಡು ರಾತ್ರಿ ನಿದ್ದಿ ಮಾಡಿಲ್ಲಾ, ಸಾಲದ ಕಂತು ನಾವಲ್ಲಾ ಕಟ್ಟೋದು. ಕೆಲಸಾ ಸಿಕ್ಕರೂ ಆರಾಮಿನ ಕೆಲಸಾ ಅಲ್ಲಾ ಇದು, ಇಕಿ ಸೀನಿಯರ್ ಹುಡುಗ್ಯಾರು ರಾತ್ರಿ ಎರಡಕ್ಕ ಮನಿಗೆ ಬರ್ತಾರ. ಆ ಚಿಂತಿ ನಂಗ ಹೋಗಿಲ್ಲಾ, ಸುಳ್ಳ ಯಾಕ ಹೇಳ್ಲಿ. ಆದ್ರ ಆ ಮಷೀನಿಗೆ ಮುದುಕಿ ಅಂತ ಟೈಪ್ ಮಾಡಿ ಅಂವನಽ ತೋರಿಸಿದ. ಬಂತು, ಬೆಳ್ಳಗ ಕೂದಲಾ, ಕೈಯಾಗ ಕೋಲು, ಭಾಳ ಚಂದ. ನಮ್ಮ ಅತ್ತಿಯವರಂಗ ಚೌಕಟ್ಟಿಗೆ ಕೈ ಹಚ್ಚಲಿಲ್ಲಾ. ಕೂಸುಗಳು ಒಯ್ಯಬೇಕಾದ್ದು ಮನಿಯಿಂದ ಅದೊಂದಽ, ಅದನ್ನೂ ನಾವು "ಅಡಗಿಮನ್ಯಾಗ ನಿಂದೇನು ಕೆಲಸಾ" ಅಂತ ಅಟ್ಟಿಬಿಟ್ರ ಅವರ ಕೈಯಾಗ ಏನು ಉಳೀತದ?

ಹಿಂದಿನ ತಿಂಗಳು ಅಕಿ ಮುದುಕಿ ಚಿತ್ರಾ ಮುಗೀತು. ಹನ್ನೊಂದು ಸೆಕೆಂಡು, 132 ಚಿತ್ರ, ಎಲ್ಲಾ ಕೈಲೆ ಬರದದ್ದು. ಅತ್ತಿಯವರಿಗೆ ಚಷ್ಮಾ ಹಾಕಿಸಿ ಮೊಬೈಲಿನ್ಯಾಗ ತೋರಿಸಿದ್ವಿ. ಎರಡು ಸಲ ನೋಡಿದ್ರು. "ಯಾರಿಕಿ?" ಅಂದ್ರು. "ನೀನಽ ಅಜ್ಜಿ" ಅಂದ್ಲು ಮಗಳು. "ನಾ ಇಷ್ಟು ಬಗ್ಗಿ ನಡೀತೇನೇನು?" ಅಂತ ಸುಮ್ಮನಾದ್ರು. ಮರುದಿನ ಮುಂಜಾನೆ ದೇವರಮನಿಗೆ ಹೋಗೋವಾಗ ಚೌಕಟ್ಟಿಗೆ ಕೈ ಹಚ್ಚದಽ ನೆಟ್ಟಗ ದಾಟಲಿಕ್ಕೆ ನೋಡಿದ್ರು, ನಾ ಓಡಿಹೋಗಿ ಹಿಡಕೊಂಡೆ.

ವೈನಿ, ಶನಿವಾರ ಹುಡುಗನ್ನ ನಮ್ಮ ಮನಿಗೆ ಕಳಸ್ರಿ. ಗಿರಣಿಗೆ ಹೋಗಿ ಜ್ವಾಳಾ ಬೀಸಿಸ್ಕೊಂಡು ಬರೋದದ. ಚೀಲಾ ಅಂವನಽ ಹೊರಲಿ.